ಅವ್ವನ ಸೀರೆಗೆ ಕತ್ತರಿ ಹಾಕಲು ಮನಸ್ಸು ಹೇಗೆ ಬಂತು?

ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳನ್ನು ಕತ್ತರಿಸಿ ಕೌದಿ ಹೊಲಿದೆ ಎಂದು ಗೊತ್ತಾದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಕೆಲವರ ದನಿಯಲ್ಲಿ ಬೇಸರ ಇರುತ್ತದೆ. ಇನ್ನು ಕೆಲವರು ತಾವೂ ಯಾರನ್ನೋ ಕಳೆದುಕೊಂಡು, ಅವರ ಬಟ್ಟೆಯನ್ನು ಬೀರುವಿನಲ್ಲಿ ಇಟ್ಟುಕೊಂಡು, ಏನು ಮಾಡಬೇಕೋ ತಿಳಿಯದೆ ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸೀರೆಯನ್ನು ಸುಮ್ನೆ ಮಡಚಿಟ್ಟರೆ ಅದು ಉಳಿಯುವುದಿಲ್ಲ. ಅವ್ವನವು ಹೆಚ್ಚಿನವು ಇಳಕಲ್ ಸೀರೆ. ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ವರ್ಷಗಟ್ಟಲೆ ತೆಗೆಯದೆ ಇಟ್ಟರೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ. ಚಿಗವ್ವ ಇದನ್ನೇ ನೇರವಾಗಿ ಹೇಳಿದಳು: "ಉಡಾಕರ ಉಡು, ಇಲ್ಲಾಂದ್ರ ಕೌದಿ ಹೊಲಿ. ಪೆಟ್ಟಿಗ್ಯಾಗ ಇಟ್ಟು ಯಾರಿಗೇನು?"

ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು ಎಂದವರೂ ಇದ್ದರು. ನಾನು ಅದನ್ನು ಒಪ್ಪಲಿಲ್ಲ.

ಆದರೆ ನಿಜವಾದ ಕಾರಣ ಬೇರೆ. ದಿನಕರ್ಮ ಮುಗಿಯುವ ತನಕ ಮನೆ ತುಂಬ ಜನ. ಆಮೇಲೆ ಎಲ್ಲರೂ ಅವರವರ ಊರಿಗೆ ಹೋದರು. ಅಲ್ಲಿಂದ ಮುಂದೆ ಅವ್ವನ ಮಾತು ತೆಗೆದರೆ ಎದುರಿಗಿದ್ದವರು ಸಮಾಧಾನ ಹೇಳಲು ಶುರು ಮಾಡುತ್ತಿದ್ದರು. ನನಗೆ ಸಮಾಧಾನ ಬೇಕಿರಲಿಲ್ಲ. ಅವಳ ಬಗ್ಗೆ ಮಾತಾಡಬೇಕಿತ್ತು.

ಕೌದಿ ಹಾಸಿದಾಗ ಅದು ಸಾಧ್ಯವಾಯಿತು. ನೆಲದ ಮೇಲೆ ಒಂದು ಇಡೀ ಸೀರೆ ಹಾಸಿ, ಅದರ ಮೇಲೆ ಅಪ್ಪನ ಹಳೆಯ ಧೋತರದ ಪದರ, ಮೇಲೆ ತುಂಡುಗಳು. ಚಿಗವ್ವ ಒಂದು ಕಡೆ ಕೂತಳು, ನಾನೊಂದು ಕಡೆ. ಪಕ್ಕದ ಮನೆಯ ಕಾಕುನೂ ಸೂಜಿ ತಂದರು. ಎಲ್ಲರ ಕಣ್ಣೂ ಹೊಲಿಗೆಯ ಮೇಲೆ. ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ. ಅತ್ತರೂ ಕೈ ನಿಲ್ಲಬೇಕಿಲ್ಲ. ಅವ್ವನ ಸಿಟ್ಟು, ಹಟ, ಸೊಸೆಯಾಗಿ ಬಂದಾಗ ಅವಳು ಪಟ್ಟ ಪಾಡು, ನನಗೆ ಗೊತ್ತೇ ಇಲ್ಲದ ಎಷ್ಟೋ ಸಂಗತಿ ಆಗ ಹೊರಬಂದವು. ಸತ್ತವರನ್ನು ಬರೀ ಒಳ್ಳೆಯವರನ್ನಾಗಿ ಮಾಡಿಬಿಟ್ಟರೆ ಅವರು ನಮ್ಮಿಂದ ಇನ್ನೂ ದೂರ ಹೋಗುತ್ತಾರೆ. ಚಿಗವ್ವ ಅವಳನ್ನು ಬೈದಾಗಲೇ ಅವ್ವ ಹತ್ತಿರ ಬಂದಂತೆ ಅನಿಸಿತು.

ಕತ್ತರಿ ಹಿಡಿದಾಗ ಕೈ ನಡುಗಿದ್ದು ನಿಜ. ಆದರೆ ಬಟ್ಟೆಯೇ ದಾರಿ ತೋರಿಸಿತು. ಹಿಮ್ಮಡಿ ತಾಗುವ ಅಂಚು ಸವೆದಿತ್ತು, ಕೂರುವ ಜಾಗ ತೆಳ್ಳಗಾಗಿತ್ತು. ಅವು ಒಳಪದರಕ್ಕೆ ಹೋದವು. ಗಟ್ಟಿ ಇದ್ದದ್ದು ಮೇಲೆ ಬಂತು. ಅರಿಶಿನದ ಕಲೆ ಇದ್ದ ಸೆರಗಿನ ತುದಿಯನ್ನೂ ಮೇಲೆಯೇ ಇಟ್ಟೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ತುಂಡುಗಳನ್ನು ಇಡುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ನಾನೂ ಅಂಚಿನಿಂದಲೇ ಹೊಲಿದೆ. ನಡುವಿಗೆ ಬರುವ ಹೊತ್ತಿಗೆ ಕೈಯೂ ಪಳಗಿತ್ತು, ಅವ್ವನಿಗೆ ಬಹಳ ಇಷ್ಟವಾದ ಸೀರೆಯನ್ನು ಮುಟ್ಟುವ ಧೈರ್ಯವೂ ಬಂದಿತ್ತು.

ಇದು ನಮ್ಮ ಕಡೆಯವರು ಮಾತ್ರ ಮಾಡುವ ಕೆಲಸವಲ್ಲ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನ ಬಯಲಿನಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿನ ಕೌದಿ ಹಾಸಿದರು. 1,920 ತುಂಡು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಗೋರಿಯಷ್ಟು. ಹೊಲಿದವರು ಸತ್ತವರ ಗೆಳೆಯರು, ಮನೆಯವರು. ಎಷ್ಟೋ ತುಂಡುಗಳಲ್ಲಿ ಸತ್ತವರ ಅಂಗಿ, ಜೀನ್ಸ್‌ಗಳೇ ಇವೆ. ಆ ರೋಗದ ಹೆಸರು ಹೇಳಲೂ ಜನ ಹೆದರುತ್ತಿದ್ದ ಕಾಲ ಅದು. ಬಾಯಲ್ಲಿ ಹೇಳಲಾಗದ ಹೆಸರುಗಳನ್ನು ಅವರು ಬಟ್ಟೆಯ ಮೇಲೆ ಹೊಲಿದರು.

ಹೊಲಿದ ಮೇಲೆ ದುಃಖ ಹೋಯಿತಾ ಎಂದರೆ, ಇಲ್ಲ. ಹೋಗಲಿ ಅಂತ ಹೊಲಿದದ್ದೂ ಅಲ್ಲ.

ನೀವೂ ಶುರು ಮಾಡುವುದಾದರೆ ಆತುರ ಬೇಡ. ಮೊದಲು ಹಳೆಯ, ಹರಿದ ಸೀರೆ ಕತ್ತರಿಸಿ. ಬಹಳ ಒಗೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸೂಜಿ ಸಲೀಸಾಗಿ ಓಡುತ್ತದೆ. ರೇಷ್ಮೆ ಜಾರುತ್ತದೆ, ಎಳೆ ಬಿಡುತ್ತದೆ. ಅದಕ್ಕೆ ಹಿಂದೆ ಹತ್ತಿ ಬಟ್ಟೆ ಕೊಟ್ಟು ಅಂಚು ಒಳಗೆ ಮಡಚಿ. ಹೊಲಿಯಲು ಬಾರದಿದ್ದರೆ ಬರುವವರನ್ನು ಮನೆಗೆ ಕರೆಯಿರಿ. ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ನಮ್ಮ ಕಡೆ ಈಗಲೂ ಇದ್ದಾರೆ. ಆದರೆ ಬಟ್ಟೆ ಕೊಟ್ಟು ಎದ್ದು ಹೋಗಬೇಡಿ. ಜೊತೆಗೆ ಕೂತು ನಾಲ್ಕು ಸಾಲನ್ನಾದರೂ ನೀವೇ ಹೊಲಿಯಿರಿ.