ಆತೆಯ ಒಂಬತ್ತು ಮುಂಜಾವುಗಳು

ಕಳೆದ ಡಿಸೆಂಬರಿನಲ್ಲಿ ನಾನೂ ಅಮ್ಮನೂ ಕಾಸರಗೋಡಿನ ಬೇಳದ ಮನೆಗೆ ಬೀಗ ಹಾಕಿ, ನೆವ್ರಿ, ಕಿಡಿಯೊ, ಗುಳಿಯೊ ತುಂಬಿದ, ಕುಸ್ವಾರು ಎಂಬ ಕ್ರಿಸ್ಮಸ್ ತಿಂಡಿಗಳ ಎರಡು ಡಬ್ಬಿಗಳನ್ನು ಬಟ್ಟೆಗಳ ನಡುವೆ ಭದ್ರಪಡಿಸಿಕೊಂಡು, ನೆದರ್ಲ್ಯಾಂಡ್ಸ್‌ನ ಹೋರ್ನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿರುವ ತಮ್ಮನ ಬಳಿಗೆ ಹೋಗಿದ್ದೆವು. ತಮ್ಮ ಮದುವೆಯಾಗಿರುವುದು ಅಲ್ಲಿನ ಡಚ್ ಕುಟುಂಬದ ಹುಡುಗಿಯನ್ನು. ಅವಳ ಅಣ್ಣನ ಹೆಂಡತಿ ಫಿಲಿಪೀನ್ಸ್‌ನವರು. ತಗಾಲೊಗ್ ಭಾಷೆಯಲ್ಲಿ ಅಕ್ಕನನ್ನು ‘ಆತೆ’ ಎನ್ನುತ್ತಾರೆ. ತಮ್ಮ ಹಾಗೆಯೇ ಕರೆಯುತ್ತಿದ್ದುದರಿಂದ ನನಗೂ ಅವರು ಆತೆಯೇ ಆದರು. ತಮ್ಮನ ಮನೆಯಲ್ಲಿ ಇರುವುದು ಒಂದೇ ಮಲಗುವ ಕೋಣೆಯಾದ್ದರಿಂದ ನಾವು ಉಳಿದುಕೊಂಡದ್ದು ಆತೆಯ ಮನೆಯಲ್ಲಿ.

ಬಾಗಿಲು ತೆರೆದ ಆತೆ ಅಮ್ಮನ ಬಲಗೈಯನ್ನು ಹಿಡಿದು, ಬಾಗಿ, ಅದರ ಹಿಂಬದಿಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡರು. ಹಿರಿಯರ ಆಶೀರ್ವಾದ ಬೇಡುವ ಫಿಲಿಪೀನ್ಸ್‌ನ ಕ್ರಮ ಅದು. ‘ಮಾನೊ’ ಎಂದು ಅದರ ಹೆಸರು. ಅಮ್ಮನಿಗೆ ಇದನ್ನು ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಸಂಜೆಯ ಜಪಸರ ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಮುಗಿದು ‘ಬೆಸಾಂವ್’ ಕೇಳುವುದು ಇಂದಿಗೂ ಇದೆಯಷ್ಟೆ. ಅಮ್ಮ ಅರೆಕ್ಷಣವೂ ತಡೆಯದೆ ಎಡಗೈಯನ್ನು ಆತೆಯ ತಲೆಯ ಮೇಲಿಟ್ಟು, ಕೊಂಕಣಿಯಲ್ಲಿ ಹರಸಿಬಿಟ್ಟರು. ಇಬ್ಬರ ನಡುವೆ ಆಮೇಲಿನ ಎರಡು ವಾರಗಳಲ್ಲಿ ಭಾಷೆಯ ತೊಡಕು ಬಂದದ್ದು ನನಗೆ ನೆನಪಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಎಂದು ಬದುಕಿದ ಕಾಸರಗೋಡಿನ ಹೆಂಗಸಿಗೆ ಐದನೆಯದೊಂದು ಭಾಷೆ ಭಯ ಹುಟ್ಟಿಸುವ ಸಂಗತಿಯೇನೂ ಅಲ್ಲ. ಮೇಜಿಗೆ ಆತೆ ‘ಮೇಸಾ’ ಎಂದಾಗ, ಸಾಬೂನಿಗೆ ‘ಸಾಬೋನ್’ ಎಂದಾಗ ಅಮ್ಮನ ಮುಖ ಅರಳುತ್ತಿತ್ತು.

ಹದಿನಾರನೆಯ ತಾರೀಖಿನ ನಸುಕಿನಲ್ಲಿ, ಗಂಟೆ ನಾಲ್ಕಿರಬೇಕು, ಅಡುಗೆಮನೆಯಲ್ಲಿ ಬೆಳಕು ಕಂಡು ಅಮ್ಮ ಎದ್ದುಹೋದರು. ಅಲ್ಲಿ ಆತೆ ಯೇಸುವಿನ ಜನನವನ್ನು ಬೊಂಬೆಗಳಲ್ಲಿ ತೋರಿಸುವ ಪುಟ್ಟ ಗೋದಲಿಯೊಂದರ ಮುಂದೆ ಮೇಣದಬತ್ತಿ ಹಚ್ಚಿ ಒಬ್ಬರೇ ಕುಳಿತಿದ್ದರು. ಫಿಲಿಪೀನ್ಸ್‌ನಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಬೆಳಗು ಹರಿಯುವ ಮುನ್ನವೇ ಇಗರ್ಜಿಗಳಲ್ಲಿ ಬಲಿಪೂಜೆ (ಮಾಸ್) ನಡೆಯುತ್ತದೆ. ಅದನ್ನು ‘ಸಿಂಬಾಂಗ್ ಗಬಿ’ ಎನ್ನುತ್ತಾರೆ. ರೈತರು ಹೊಲಕ್ಕೆ ಇಳಿಯುವ ಮೊದಲು ಪೂಜೆಗೆ ಬರಲೆಂದು ಸ್ಪ್ಯಾನಿಷರ ಕಾಲದಲ್ಲಿ ಬೆಳೆದುಬಂದ ಪದ್ಧತಿಯಿದು ಎಂದು ಹೇಳುತ್ತಾರೆ. ಪೂಜೆ ಮುಗಿಸಿ ಹೊರಬಂದವರಿಗೆ ಇಗರ್ಜಿಯ ಅಂಗಳದಲ್ಲೇ ಬಿಸಿ ಬಿಸಿ ಬಿಬಿಂಕಾ ಸಿಗುತ್ತದೆ. ಹೋರ್ನ್‌ನಲ್ಲಿ ಅಂಥ ಪೂಜೆಯೂ ಇಲ್ಲ, ಅಂಗಳವೂ ಇಲ್ಲ. ಮದುವೆಯಾಗಿ ಬಂದ ಆರು ವರ್ಷವೂ ಆತೆ ಆ ಒಂಬತ್ತು ಮುಂಜಾವುಗಳನ್ನು ಅಡುಗೆಮನೆಯ ಕುರ್ಚಿಯಲ್ಲಿ ಒಂಟಿಯಾಗಿ ಕಳೆದಿದ್ದರು. ಆ ದೇಶದಲ್ಲಿ ಡಿಸೆಂಬರಿನ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲರ ಸುಮಾರಿಗೆ; ನಾಲ್ಕು ಗಂಟೆಯ ಕತ್ತಲು ಎಂಥದ್ದೆಂಬುದನ್ನು ಅಲ್ಲಿ ಕುಳಿತೇ ತಿಳಿಯಬೇಕು.

ಅಮ್ಮ ಒಳಗೆ ಹೋಗಿ ತಮ್ಮ ಜಪಸರವನ್ನು ತಂದರು. ಜಪಸರದ ಪ್ರಾರ್ಥನೆಯಲ್ಲಿ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಮಿಕ್ಕವರು ಹೇಳುತ್ತಾರೆ. ಒಬ್ಬರೇ ಕುಳಿತಾಗ ಎರಡನ್ನೂ ತಾನೇ ಹೇಳಿಕೊಳ್ಳಬೇಕು. ಅಂದು ಮೊದಲರ್ಧ ತಗಾಲೊಗ್‌ನಲ್ಲಿ ಬಂತು, ಉತ್ತರಾರ್ಧ ಕೊಂಕಣಿಯಲ್ಲಿ ಹೋಯಿತು. ಹತ್ತು ಮಣಿ ಎರಡೂ ಕಡೆ ಹತ್ತೇ ಆದ್ದರಿಂದ ಲೆಕ್ಕ ಎಲ್ಲಿಯೂ ತಪ್ಪಲಿಲ್ಲ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನಗೆ, ನಡುವೆ ಒಮ್ಮೆ ಆತೆಯ ದನಿ ಕಟ್ಟಿದಾಗ ಅವರ ಅರ್ಧವನ್ನೂ ಅಮ್ಮನೇ ‘ನಮಾನ್ ಮರಿಯೆ’ ಎಂದು ಎತ್ತಿಕೊಂಡದ್ದು ಕೇಳಿಸಿತು.

ಅಂದೇ ಬಿಬಿಂಕಾ ಮಾಡುವ ಕೆಲಸಕ್ಕೆ ಇಬ್ಬರೂ ಇಳಿದರು. ಅಕ್ಕಿಹಿಟ್ಟು, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಕಲಸಿ, ಬಾಳೆಲೆ ಹಾಸಿದ ಪಾತ್ರೆಯಲ್ಲಿ ಹೊಯ್ದು, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಸಿಹಿ ಅದು. ನಮ್ಮ ಕಡೆ ಹಿಂದೆ ಕಲ್ತಪ್ಪಕ್ಕೂ ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದರು. ಇಂಡೋನೇಷ್ಯಾವನ್ನು ಡಚ್ಚರು ಆಳಿದ್ದರ ಫಲವಾಗಿ ನೆದರ್ಲ್ಯಾಂಡ್ಸ್‌ನ ಊರೂರಲ್ಲಿ ‘ಟೋಕೊ’ ಎಂಬ ಏಷ್ಯಾದ ದಿನಸಿ ಅಂಗಡಿಗಳಿವೆ. ಆತೆ ಬಾಳೆಲೆಯನ್ನು ತಂದದ್ದು ಅಲ್ಲಿಂದಲೇ. ಹಿಮಗಟ್ಟಿದ ಎಲೆಗಳು, ಮಡಚಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ್ದು. ಅಮ್ಮ ಆ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬಿಸಿನೀರಿನಲ್ಲಿ ಅದ್ದಿ, ಹರಿಯದಂತೆ ಒಂದೊಂದಾಗಿ ಬಿಡಿಸಿ, ಒರಸಿ ಕೊಟ್ಟರು. ಊರಿನಲ್ಲಿ ಹಿತ್ತಿಲಿಗೆ ಹೋಗಿ ಕೊಯ್ದು ತರುವ ಎಲೆಯನ್ನು ಅವರು ಅಷ್ಟು ನಯವಾಗಿ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಡಚ್ ಕುಟುಂಬದ ಕ್ರಿಸ್ಮಸ್ ಬೇರೆ ಬಗೆಯದು. ಉಡುಗೊರೆಗಳ ಸಂಭ್ರಮ ಡಿಸೆಂಬರ್ 5ರ ಸಿಂಟರ್‌ಕ್ಲಾಸ್ ಸಂಜೆಯೇ ಮುಗಿದಿರುತ್ತದೆ. ಕ್ರಿಸ್ಮಸ್‌ಗೆ 25 ಮತ್ತು 26, ಹೀಗೆ ಎರಡು ದಿನ ರಜೆ. ಅರ್ಧಕ್ಕಿಂತ ಹೆಚ್ಚು ಜನ ಯಾವ ಧರ್ಮಕ್ಕೂ ಸೇರದ ಆ ದೇಶದಲ್ಲಿ ಹಬ್ಬವೆಂದರೆ ಮುಖ್ಯವಾಗಿ ಊಟದ ಮೇಜು. ಮೇಜಿನ ನಡುವೆ ವಿದ್ಯುತ್ ಕಾವಲಿಯನ್ನಿಟ್ಟು, ಪ್ರತಿಯೊಬ್ಬರೂ ಅಂಗೈಯಗಲದ ಬಾಣಲೆಯಲ್ಲಿ ತಮ್ಮ ಮಾಂಸ, ತರಕಾರಿಯನ್ನು ತಾವೇ ಬೇಯಿಸಿಕೊಳ್ಳುತ್ತಾರೆ. ತಟ್ಟೆಯಲ್ಲಿ ಕುಸ್ವಾರು ಹಿಡಿದು ನೆರೆಮನೆಗಳಿಗೆ ಹೋಗುವ ಪದ್ಧತಿ ಇಲ್ಲದ್ದು ಅಮ್ಮನಿಗೆ ಬೇಸರ ತಂದಿತು. ನನಗೆ ಮಾತ್ರ ಆ ಊಟ ಮನಸ್ಸಿಗೆ ಬಹಳ ಹಿಡಿಸಿತು: ಮೂರು ಗಂಟೆ ಕಾಲ ಎಲ್ಲರೂ ಮೇಜಿನ ಸುತ್ತಲೇ ಇದ್ದರು, ಒಬ್ಬ ಹೆಂಗಸೂ ಒಲೆಯ ಮುಂದೆ ಬೆವರುತ್ತ ನಿಲ್ಲಲಿಲ್ಲ. ನಮ್ಮ ಮನೆಗಳಿಗೆ ಇದು ಬರಬೇಕೆಂದು ನಿಜವಾಗಿಯೂ ಬಯಸುತ್ತೇನೆ.

ಒಂಬತ್ತನೆಯ ಮುಂಜಾವು, ಅಂದರೆ 24ರಂದು, ಪ್ರಾರ್ಥನೆಗೆ ಇನ್ನೇನು ಕೂರಬೇಕೆನ್ನುವಾಗ ಬಾಗಿಲ ಗಂಟೆ ಬಾರಿಸಿತು. ಆತೆಯ ಅತ್ತೆ ಆ ಕತ್ತಲಲ್ಲಿ, ಆ ಚಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದಿದ್ದರು. ಇಗರ್ಜಿಗೆ ಹೋಗುವವರಲ್ಲ ಅವರು. ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಕೆಂಪು ಮೇಣ ಹೊದೆಸಿದ ಒಂದು ಉಂಡೆ ಎಡಮ್ ಚೀಸ್. ಎಡಮ್ ಪಟ್ಟಣ ಹೋರ್ನ್‌ಗೆ ಹತ್ತಿರವೇ; ಅಲ್ಲಿನವರಿಗೆ ಆ ಚೀಸ್ ದಿನವೂ ಬ್ರೆಡ್ಡಿನ ಮೇಲೆ ಹೆರೆದು ತಿನ್ನುವ ಸಾಮಾನ್ಯ ಪದಾರ್ಥ. ಫಿಲಿಪೀನ್ಸ್‌ನಲ್ಲಾದರೋ ಅದೇ ‘ಕೇಸೊ ದೆ ಬೋಲಾ’ ಎಂಬ ಹೆಸರಿನಲ್ಲಿ, ಕ್ರಿಸ್ಮಸ್ ಮಧ್ಯರಾತ್ರಿಯ ‘ನೋಚೆ ಬುವೆನಾ’ ಊಟಕ್ಕೆಂದು ಕೊಳ್ಳುವ ದುಬಾರಿ ವಸ್ತು. ಚಿಕ್ಕವಳಿದ್ದಾಗ ಅದರ ಮೇಣವನ್ನು ಸುಲಿದು ಗೋಲಿ ಮಾಡಿ ಆಡುತ್ತಿದ್ದುದನ್ನು ಆತೆ ಯಾವಾಗಲೋ ಹೇಳಿದ್ದರಂತೆ. ಅತ್ತೆ ಅದನ್ನು ಮರೆತಿರಲಿಲ್ಲ. ಅವರು ಸುಮ್ಮನೆ ಮೂರನೆಯ ಕುರ್ಚಿ ಎಳೆದುಕೊಂಡು ಜಪ ಮುಗಿಯುವವರೆಗೂ ಕುಳಿತಿದ್ದರು.

ಆ ರಾತ್ರಿ ಚೀಸ್ ಕತ್ತರಿಸಿದಾಗ ಆತೆ ಮೇಣದ ಒಂದು ತುಣುಕನ್ನು ಬೆರಳ ನಡುವೆ ಉರುಟಾಗಿಸಿ ಅಮ್ಮನ ಅಂಗೈಯಲ್ಲಿಟ್ಟರು. ಅದೀಗ ಬೇಳದ ಮನೆಯಲ್ಲಿ, ಗೋದಲಿಯ ಬೊಂಬೆಗಳನ್ನು ಇಡುವ ಪೆಟ್ಟಿಗೆಯಲ್ಲಿದೆ.

ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಈ ವರ್ಷ 16ರ ಬೆಳಿಗ್ಗೆ ಅಮ್ಮ ದೋಸೆಯ ಕಾವಲಿ ಇಳಿಸಿ, ಕೈ ತೊಳೆದು, ಎಂಟೂವರೆಗೆ ಸರಿಯಾಗಿ ಫೋನನ್ನು ಗೋದಲಿಗೆ ಆನಿಸಿಟ್ಟು ಕುಳಿತರು. ಹೊರಗೆ ಬಿಸಿಲು ಬಿದ್ದಿತ್ತು. ಪರದೆಯ ಆಚೆ ಕತ್ತಲಿತ್ತು, ಒಂದು ಮೇಣದಬತ್ತಿ ಉರಿಯುತ್ತಿತ್ತು, ಪಕ್ಕದಲ್ಲಿ ಎರಡು ಕುರ್ಚಿಗಳಿದ್ದವು.