ಹಲ್ಲಿನ ಇಂಪ್ಲಾಂಟ್: ಕವಳ (ಎಲೆ-ಅಡಿಕೆ) ಹಾಕುವವರು ಓದಲೇಬೇಕು

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲಿಗೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಮೊದಲು ಸ್ಕ್ಯಾನ್ ಮಾಡಿ ಮೂಳೆಯ ದಪ್ಪ, ಎತ್ತರ ಅಳೆಯುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ಬಂದಿರಬೇಕು. ಮರಗಟ್ಟಿಸುವುದರಿಂದ ಕೊರೆಯುವಾಗ ಅದುರುವುದಷ್ಟೇ ಗೊತ್ತಾಗುತ್ತದೆ. ಎರಡು ಮೂರು ದಿನ ಕೆನ್ನೆ ಊದಿರುತ್ತದೆ, ಆರಿದ ಗಂಜಿಯೇ ಊಟ. ಹೊಲಿಗೆ ಬಿಚ್ಚಿಸಲು 7ರಿಂದ 10 ದಿನಕ್ಕೆ ಮತ್ತೆ ಹೋಗಬೇಕು. ತೀರ್ಥಹಳ್ಳಿ, ಹೊಸನಗರದಿಂದ ಶಿವಮೊಗ್ಗಕ್ಕೆ ಬರುವವರು ದಯವಿಟ್ಟು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಇದನ್ನು ಇಟ್ಟುಕೊಳ್ಳಬೇಡಿ.

ಸ್ಕ್ರೂಗೆ ಮೂಳೆ ಬೆಸೆಯಲು ಕೆಳದವಡೆಯಲ್ಲಿ ಸುಮಾರು 3 ತಿಂಗಳು ಬೇಕು. ಮೇಲ್ದವಡೆಯ ಮೂಳೆ ಮೆದು, 4ರಿಂದ 6 ತಿಂಗಳೂ ಆದೀತು. ಸಾಮಾನ್ಯವಾಗಿ ಕ್ಯಾಪ್ (ಸ್ಕ್ರೂ ಮೇಲೆ ಕೂರುವ ಕೃತಕ ಹಲ್ಲು) ಕೂರಿಸುವುದು ಆಮೇಲೆ.

ನಮ್ಮ ಕಡೆ ನಿಜವಾದ ಅಪಾಯ ಕವಳಕ್ಕೆ ಹಾಕುವ ಹೊಗೆಸೊಪ್ಪು. ಅದರಿಂದ ರಕ್ತನಾಳ ಕುಗ್ಗಿ, ಗಾಯಕ್ಕೆ ರಕ್ತ ಸಾಲದೆ ಮೂಳೆ ಹಿಡಿಯದೇ ಹೋಗಬಹುದು. ಕ್ಯಾಪ್ ಕೂತ ಮೇಲೂ ಗಟ್ಟಿ ಅಡಿಕೆ ಆ ಬದಿಯಲ್ಲಿ ಅಗಿಯಬೇಡಿ. ಒಸಡಿನಲ್ಲಿ ರಕ್ತ ಜಿನುಗಿದರೆ ಅವತ್ತೇ ತೋರಿಸಿ.