ವಿಯರ್ ನದಿಯ ದಂಡೆಯಲ್ಲಿ ಎಸ್‌ಡಿ14ರ ಜಾಡು ಹಿಡಿದು

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ವಿಯರ್ ನದಿಯ ದಂಡೆಯ ಸಂಡರ್‌ಲ್ಯಾಂಡ್‌ಗೆ ಮೆಟ್ರೋ ರೈಲಿದೆ. ಅದರಲ್ಲಿ ಅನೇಕರು ಫುಟ್‌ಬಾಲ್ ಪಂದ್ಯಕ್ಕೆ ಬರುತ್ತಾರೆ. ನಾನು ಬಂದಿದ್ದು ಒಂದು ಸರಕು ಹಡಗಿನ ತವರೂರು ನೋಡಲು. ಅದರ ಹೆಸರು ಎಸ್‌ಡಿ14. ಅದು ಒಂದೇ ಹಡಗಲ್ಲ, ಒಂದೇ ನಕ್ಷೆಯಲ್ಲಿ ಸಾಲಾಗಿ ಕಟ್ಟಿದ ಹಡಗುಗಳ ಮಾದರಿ. ಅದರಲ್ಲಿ ಸಿರಿವಂತರ ಪ್ರಯಾಣವಿಲ್ಲ, ಯುದ್ಧದ ಕೀರ್ತಿಯೂ ಇಲ್ಲ. ಗೋಧಿ, ಸಕ್ಕರೆ, ಗೊಬ್ಬರ, ಕಬ್ಬಿಣ ಹೊತ್ತು ಊರೂರು ಸುತ್ತಿದ ಹಡಗು ಅದು. ಅಂಥದ್ದಕ್ಕೂ ಒಂದು ಯಾತ್ರೆ ಸಲ್ಲಬೇಕು ಅಂತ ನನಗೆ ತುಂಬಾ ದಿನದಿಂದ ಅನಿಸುತ್ತಿತ್ತು.

ಸೇಂಟ್ ಪೀಟರ್ಸ್ ನಿಲ್ದಾಣದಲ್ಲಿ ಇಳಿದೆ. ಹತ್ತಿರದಲ್ಲೇ ಕ್ರಿ.ಶ. 674ರಲ್ಲಿ ಶುರುವಾದ ಚರ್ಚ್ ಇದೆ. ಅದನ್ನು ನೋಡಿಕೊಂಡು ನದಿಯ ಅಂಚಿಗೆ ಬಂದರೆ ನಾರ್ತ್ ಸ್ಯಾಂಡ್ಸ್. ಜೆ.ಎಲ್. ಥಾಂಪ್ಸನ್ ಶಿಪ್‌ಯಾರ್ಡ್ ಇದ್ದದ್ದು ಇಲ್ಲಿಯೇ. 1940ರಲ್ಲಿ ಸಿರಿಲ್ ಥಾಂಪ್ಸನ್ ಇಲ್ಲಿನ ಹಡಗಿನ ನಕ್ಷೆಗಳನ್ನು ತೆಗೆದುಕೊಂಡು ಅಮೆರಿಕಕ್ಕೆ ಹೋದರು. ಯುದ್ಧಕ್ಕೆ ಬೇಕಾದ ಸರಕು ಹಡಗುಗಳನ್ನು ಅಲ್ಲಿ ಕಟ್ಟಿಸುವುದು ಅವರ ಕೆಲಸ. ಆ ನಕ್ಷೆಯಿಂದ ಬೆಳೆದದ್ದೇ ಲಿಬರ್ಟಿ ಹಡಗು. ಅಮೆರಿಕ ಅಂಥ 2,710 ಹಡಗುಗಳನ್ನು ಕಟ್ಟಿತು.

ಯುದ್ಧ ಮುಗಿದ ಮೇಲೆ ಬಹಳಷ್ಟು ಲಿಬರ್ಟಿಗಳನ್ನು ಗ್ರೀಕ್ ಮಾಲೀಕರು ಕೊಂಡರು. ಅರವತ್ತರ ದಶಕದಲ್ಲಿ ಅವಕ್ಕೆ ವಯಸ್ಸಾಯಿತು. ಅವುಗಳ ಜಾಗಕ್ಕೆ ಯಾವ ಹಡಗು? ಜಪಾನಿನವರು ಫ್ರೀಡಂ ಅನ್ನುವ ಮಾದರಿ ತಂದರು. ಇದೇ ನದಿಯ ದಂಡೆಯ ಆಸ್ಟಿನ್ ಅಂಡ್ ಪಿಕರ್ಸ್‌ಗಿಲ್ ಕಂಪನಿ ಎಸ್‌ಡಿ14 ತಂದಿತು. ಲಿಬರ್ಟಿಯ ಮೂಲವೂ ಈ ನದಿ, ಅದಕ್ಕೆ ಬದಲಿ ಹಡಗು ಬಂದಿದ್ದೂ ಈ ನದಿಯಿಂದ. ಈ ದಂಡೆಯಲ್ಲಿ ನಿಂತು ಅದನ್ನು ನೆನೆದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಅಲ್ಲಿಂದ ನದಿಗುಂಟ ಮೇಲ್ಮುಖವಾಗಿ ನಡೆದೆ. ಕ್ರೀಡಾಂಗಣ ದಾಟಿ ಇನ್ನಷ್ಟು ದೂರ ಹೋದರೆ ಕ್ವೀನ್ ಅಲೆಕ್ಸಾಂಡ್ರಾ ಸೇತುವೆ. ಅದರ ಉತ್ತರದ ಬದಿಯೇ ಸೌತ್‌ವಿಕ್. ಮೊದಲ ಎಸ್‌ಡಿ14 ಆದ ‘ನಿಕೋಲಾ’ ನೀರಿಗಿಳಿದದ್ದು ಇಲ್ಲಿ. 1968ರ ಫೆಬ್ರುವರಿಯಲ್ಲಿ ಅದು ಮಾಲೀಕರ ಕೈಸೇರಿತು. ಈಗ ಆ ಕಡೆ ಕಚೇರಿ ಕಟ್ಟಡಗಳು, ಗೋದಾಮುಗಳು. ದಂಡೆಯಲ್ಲಿ ಒಬ್ಬ ಹಿರಿಯರು ನಾಯಿ ಜೊತೆ ನಡೆಯುತ್ತಿದ್ದರು. ಕೇಳಿದೆ. ಅವರು ಹಿಂದೆ ಇಲ್ಲೇ ವೆಲ್ಡರ್ ಆಗಿದ್ದವರು!

“ಎಸ್‌ಡಿ14 ನೋಡೋಕೆ ಬಂದ್ರಾ? ಒಂದೂ ಉಳಿದಿಲ್ಲವಲ್ಲ ಇಲ್ಲಿ,” ಅಂದರು. ಆಮೇಲೆ ಕೈಚಾಚಿ, “ಅಲ್ಲಿಂದ ಅಲ್ಲೀವರೆಗೆ ಹಡಗು ನಿಂತಿರುತ್ತಿತ್ತು. ಒಂದು ಜಾರಿಹೋದರೆ ಅದೇ ಜಾಗದಲ್ಲಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದೆವು. ಮಳೆ ಬಂದರೂ ಮೇಲೆ ಸೂರು ಇರಲಿಲ್ಲ,” ಅಂದರು. ಅವರ ಕೈ ತೋರಿಸಿದ ಉದ್ದ ನೋಡಿದಾಗಲೇ ನನಗೆ ಆ ಹಡಗಿನ ಗಾತ್ರ ತಲೆಗೆ ಹೋಯಿತು. ಸುಮಾರು 140 ಮೀಟರ್ ಉದ್ದ, 20 ಮೀಟರ್ ಅಗಲ.

ಹಡಗಿನ ಗುಟ್ಟು ಇರುವುದು ಅದರ ಸರಳತನದಲ್ಲಿ. ಕಂಪನಿಯ ಮುಖ್ಯಸ್ಥ ಕೆನ್ ಡಗ್ಲಸ್ ಹಿಡಿದ ಹಟ ಒಂದೇ: ಬೆಲೆ ಕಡಿಮೆ ಇರಬೇಕು, ಬೇಡದ್ದು ಯಾವುದೂ ಇರಬಾರದು. ಆರಂಭದಲ್ಲಿ ಇಟ್ಟುಕೊಂಡ ಗುರಿ ಸುಮಾರು 9 ಲಕ್ಷ ಪೌಂಡ್. ಐದು ಸಿಲಿಂಡರಿನ ಸುಲ್ಜರ್ ಡೀಸೆಲ್ ಎಂಜಿನ್, ಸುಮಾರು 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ವೇಗ. ಸರಕು ತುಂಬುವ ಐದು ಹೋಲ್ಡ್‌ಗಳು, ಅಂದರೆ ಕೋಣೆಗಳು: ಎಂಜಿನ್ ಕೋಣೆಯ ಮುಂದೆ ನಾಲ್ಕು, ಹಿಂದೆ ಒಂದು. ಪ್ರತಿ ಹೋಲ್ಡ್‌ನಲ್ಲೂ ನಡುವೆ ಒಂದು ಅಟ್ಟ ಇರುತ್ತಿತ್ತು. ಅಟ್ಟದ ಮುಚ್ಚಳ ತೆಗೆದರೆ ತಳದವರೆಗೆ ಕಾಳು ಸುರಿಯಬಹುದು. ಮುಚ್ಚಿದರೆ ಕೆಳಗೊಂದು ಸರಕು, ಮೇಲೆ ಮೂಟೆ, ಪೆಟ್ಟಿಗೆ, ವಾಹನ. ಎತ್ತಿ ಇಳಿಸಲು ಡೆಕ್ ಮೇಲೆಯೇ ಡೆರಿಕ್ ಅನ್ನುವ ಎತ್ತುವ ತೋಳುಗಳು, ಹಗ್ಗ ಎಳೆಯುವ ವಿಂಚ್‌ಗಳು. ಕ್ರೇನ್ ಇಲ್ಲದ ಬಡ ಬಂದರಿಗೂ ಹೋಗಿ ಕೆಲಸ ಮುಗಿಸಿಕೊಂಡು ಬರಬಹುದಿತ್ತು. ನಮ್ಮ ಹಳೆ ಲಾರಿಗಳ ಹಾಗೆ, ಏನು ಹೇರಿದರೂ ಹೊರುವ ಜಾತಿ.

ಅದಕ್ಕೇ ಗಿರಾಕಿಗಳು ಎಲ್ಲ ಕಡೆಯಿಂದ ಬಂದರು. ಗ್ರೀಕರು ಬಂದರು, ಲಿವರ್‌ಪೂಲ್‌ನ ಲ್ಯಾಂಪೋರ್ಟ್ ಅಂಡ್ ಹೋಲ್ಟ್ ಬಂತು, ಕ್ಯೂಬಾ ಬಂತು. ಪರವಾನಗಿ ಪಡೆದು ಗ್ರೀಸ್, ಬ್ರೆಜಿಲ್, ಅರ್ಜೆಂಟೀನಾದಲ್ಲೂ ಕಟ್ಟಿದರು. ಎಲ್ಲ ಸೇರಿ 211 ಹಡಗುಗಳು.

ಮಧ್ಯಾಹ್ನದ ಮೇಲೆ ನದಿ ಸಮುದ್ರ ಸೇರುವಲ್ಲಿ ನೀರಿನೊಳಕ್ಕೆ ಚಾಚಿದ ಕಟ್ಟೆ, ರೋಕರ್ ಪಿಯರ್‌ಗೆ ಹೋದೆ. ಗಾಳಿ ಜಾಸ್ತಿ. ಎದುರಿಗೆ, ದಕ್ಷಿಣದ ಬದಿಯಲ್ಲಿ ಬಂದರು. ಬಾರ್ಟ್ರಮ್ ಶಿಪ್‌ಯಾರ್ಡ್ ಅಲ್ಲಿತ್ತು. ಅಲ್ಲೂ ಎಸ್‌ಡಿ14 ಕಟ್ಟುತ್ತಿದ್ದರು. ಬೇರೆಯವರು ನದಿಗೆ ಹಡಗು ಇಳಿಸಿದರೆ ಇವರು ನೇರವಾಗಿ ಉತ್ತರ ಸಮುದ್ರಕ್ಕೇ ಜಾರಿಸುತ್ತಿದ್ದರು. ಅವತ್ತಿನ ಅಲೆ ನೋಡಿದ ಮೇಲೆ, ಆ ಕೆಲಸಕ್ಕೆ ಎಷ್ಟು ಎದೆಗಾರಿಕೆ ಬೇಕು ಅಂತ ಗೊತ್ತಾಯಿತು.

1988ರ ಡಿಸೆಂಬರ್‌ನಲ್ಲಿ ಊರಿನಲ್ಲಿ ಉಳಿದಿದ್ದ ಶಿಪ್‌ಯಾರ್ಡ್‌ಗಳನ್ನೂ ಮುಚ್ಚುವ ಘೋಷಣೆ ಬಂತು. ಅಷ್ಟು ನುರಿತ ಕೈಗಳನ್ನು ಒಮ್ಮೆಲೇ ಸುಮ್ಮನಾಗಿಸಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸೌತ್‌ವಿಕ್ ದಂಡೆಯಲ್ಲಿ ಈ ಹಡಗಿನ ಒಂದು ದೊಡ್ಡ ನೆನಪಾದರೂ ಬೇಕಿತ್ತು, ಅಲ್ವಾ?

ಹೋಗುವವರು ಊರ ಮಧ್ಯೆ ಇರುವ ಸಂಡರ್‌ಲ್ಯಾಂಡ್ ಮ್ಯೂಸಿಯಂ ಬಿಡಬೇಡಿ. ಹಡಗು ಕಟ್ಟುವ ಕೆಲಸದ ಬಗ್ಗೆ ಅಲ್ಲಿ ಒಂದು ವಿಭಾಗವೇ ಇದೆ. ಮೊದಲು ಅದನ್ನು ನೋಡಿ, ಆಮೇಲೆ ನದಿ ದಂಡೆಗೆ ಹೋಗಿ. ಬೆಚ್ಚನೆಯ ಕೋಟು ಇರಲಿ. ದಾರಿಯಲ್ಲಿ ಹಿರಿಯರು ಸಿಕ್ಕರೆ ಮಾತಾಡಿಸಿ. ಹಡಗಿನ ಹೆಸರು ಹೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ.